ಭಟ್ರು ಹೊರಗೆ ಕೂತಿದ್ದ ದಿನಗಳು

ಪ್ಯಾಕೆಟ್ ಹರಿದ ಕೂಡಲೇ ಬಂತು ಆ ವಾಸನೆ. ಹೊಸ ರೇನ್‌ಕೋಟಿನ ಹಾಗೆ, ಮಕ್ಕಳು ಗಾಳಿ ಊದುವ ಪ್ಲಾಸ್ಟಿಕ್ ಆಟಿಕೆಯ ಹಾಗೆ... ಮೂಗಿಗೆ ಅಡರಿ ಗಂಟಲಿನವರೆಗೆ ಇಳಿಯಿತು. ಒಳಗಿದ್ದದ್ದು ಮೂತ್ರದ ಚೀಲ. ತೊಡೆಗೆ ಕಟ್ಟಿಕೊಳ್ಳಲು ಎರಡು ಪಟ್ಟಿ, ಕೆಳಗೊಂದು ಪುಟ್ಟ ನಲ್ಲಿ.

ಮುಂದಿನ ತಿಂಗಳು ನನ್ನ ಗಂಡನಿಗೆ ಪ್ರಾಸ್ಟೇಟ್ ಆಪರೇಷನ್. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಒಂದು ಕ್ಲಾಸು ಇದೆ, ಹೆಂಡತಿಯರೂ ಬನ್ನಿ ಅಂದಿದ್ದರು. ಹೋದೆವು. ವೃತ್ತಾಕಾರವಾಗಿ ಕುರ್ಚಿ ಹಾಕಿ, ನಡುವೆ ಒಬ್ಬ ನರ್ಸಮ್ಮ ನಿಂತು, ಜಾತ್ರೆಯಲ್ಲಿ ಪಾತ್ರೆ ಮಾರುವವಳ ಹಾಗೆ ಒಂದೊಂದೇ ಸಾಮಾನು ಎತ್ತಿ ತೋರಿಸಿದಳು. ಇದು ಟ್ಯೂಬು, ಇದರ ತುದಿಯ ಬಲೂನು ಒಳಗೆ ನೀರು ತುಂಬಿಕೊಂಡು ಜಾರದ ಹಾಗೆ ಹಿಡಿಯುತ್ತದೆ, ಇದು ಚೀಲ, ಇದು ಪ್ಯಾಡು. ಟ್ಯೂಬ್ ತೆಗೆಯುವ ದಿನ ಪ್ಯಾಡ್ ತನ್ನಿ, ಬಿಗಿಯಾದ ಚಡ್ಡಿ ಹಾಕಿಕೊಂಡು ಬನ್ನಿ. ಸೋರುತ್ತದೆ, ಹೆಚ್ಚುಕಮ್ಮಿ ಎಲ್ಲರಿಗೂ ಸೋರುತ್ತದೆ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಹಾಗಂತ ನೀರು ಮಾತ್ರ ಕಡಿಮೆ ಮಾಡಬೇಡಿ. ಸೊಂಟದ ಕೆಳಗಿನ ಮಾಂಸಖಂಡ ಬಿಗಿ ಹಿಡಿಯುವ ವ್ಯಾಯಾಮವನ್ನು ಇವತ್ತಿನಿಂದಲೇ ಕಲಿಯಿರಿ, ಆಪರೇಷನ್ ಆದ ಮೇಲೆ ಹೊಸದಾಗಿ ಕಲಿಯುವುದು ಕಷ್ಟ. ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ನನ್ನವರ ಕಿವಿ ಟೊಮೇಟೊ ಬಣ್ಣಕ್ಕೆ ತಿರುಗಿತ್ತು. ಮನೆಗೆ ಬಂದ ಮೇಲೆ, ಅವರು ಕೊಟ್ಟ ಪ್ಯಾಕೆಟ್ ಹರಿದು ನೋಡೋಣ ಅಂತ ನಾನು ಕೈ ಹಾಕಿದೆ. ವಾಸನೆ ಬಂದದ್ದೇ ಭಟ್ರು ನೆನಪಾದರು.

ಭಟ್ರು ನಮ್ಮ ಎದುರು ಫ್ಲ್ಯಾಟಿನವರು. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಾವು ಮನೆ ಮಾಡಿದಾಗ ಅವರು ಅಲ್ಲಿ ಹಳಬರು. ಕುಂದಾಪುರದ ಕಡೆಯವರು. ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಎಷ್ಟೋ ವರ್ಷ ಹೆಡ್ ಕುಕ್ ಆಗಿದ್ದು, ಮೊಣಕಾಲು ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು ಕನ್ನಡದವರ ಮನೆಗಳಲ್ಲಿ ಪೂಜೆ ಮಾಡಿಸಲು ಹೋಗುತ್ತಿದ್ದರು. ಸತ್ಯನಾರಾಯಣ ಪೂಜೆಯೋ, ನಾಮಕರಣವೋ, ಗೃಹಪ್ರವೇಶವೋ, ಹೌನ್ಸ್ಲೋದಿಂದ ಕ್ಯಾನರಿ ವಾರ್ಫ್‌ವರೆಗೆ ಎಲ್ಲದಕ್ಕೂ ಅವರೇ. ಪಂಚೆಯ ಒಳಗೆ ಥರ್ಮಲ್ ಪ್ಯಾಂಟು, ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಬಿಳಿ ಟ್ರೇನರ್ಸು, ಹೆಗಲಿಗೆ ಪೂಜೆಯ ಚೀಲ. ಹೋಮ ಮಾಡುವ ಮೊದಲು ಮನೆಯವರ ಶವರ್ ಕ್ಯಾಪ್ ಕೇಳಿ ತೆಗೆದುಕೊಂಡು, ಕುರ್ಚಿ ಹತ್ತಿ, ಸೂರಿನಲ್ಲಿದ್ದ ಸ್ಮೋಕ್ ಅಲಾರಮ್ಮು ಹೊಗೆಗೆ ಕೂಗಿಕೊಳ್ಳದ ಹಾಗೆ ಅದಕ್ಕೆ ತೊಡಿಸುತ್ತಿದ್ದರು. ಆಮೇಲೆ ಗಣಪತಿಗೆ ಸಂಕಲ್ಪ.

ಸಾಧು ಮನುಷ್ಯ ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಬಾಯಿ ಅಂದರೆ ಬಾಯಿ. ದರ್ಭೆ ಎಲ್ಲಿ, ವೀಳ್ಯದೆಲೆಯ ತೊಟ್ಟು ಯಾಕೆ ಆ ಕಡೆ, ಡಾಕ್ಟರಂತೆ ಡಾಕ್ಟರು, ತೆಂಗಿನಕಾಯಿಯ ಜುಟ್ಟು ತೆಗೆಯಬಾರದು ಅನ್ನುವುದೂ ಗೊತ್ತಿಲ್ಲ... ಹೀಗೆ ಆಸ್ಪತ್ರೆಯ ದೊಡ್ಡ ದೊಡ್ಡ ವೈದ್ಯರನ್ನೂ ಅವರವರ ಮನೆಯಲ್ಲೇ ಮಣೆಯ ಮೇಲೆ ಕೂರಿಸಿ ಬೈಯುತ್ತಿದ್ದರು. ಮಡಿ ಎಂದರೆ ಅವರಿಗೆ ಪ್ರಾಣ. ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು ಹೆಂಗಸರನ್ನು ಕೇಳುತ್ತಿದ್ದರು, "ಎಲ್ಲರೂ ಒಳಗೇ ಇದ್ದೀರಲ್ದಾ?" ಅಂತ. ಯಾರೂ ಮುಟ್ಟಾಗಿ ಹೊರಗೆ ಕೂತಿಲ್ಲ ತಾನೇ ಅಂತ ಅದರ ಅರ್ಥ. ನಾನು ಮೈಸೂರಿನವಳು, ನನ್ನ ನಾಲಿಗೆಗೆ ಮೂಳೆ ಇಲ್ಲ. ನಮ್ಮ ಮನೆಯ ಮೊದಲ ಪೂಜೆಯ ದಿನವೇ, "ಯಾಕೆ ಭಟ್ರೇ, ನೀವೇನು ನಮ್ಮ ಜಿಪಿ ಡಾಕ್ಟರಾ?" ಅಂದುಬಿಟ್ಟೆ. ಅವರು ಮುಖ ಊದಿಸಿಕೊಂಡು ಪೂಜೆ ಮಾಡಿದರು, ಪಾಯಸ ಮಾತ್ರ ಎರಡು ಸಲ ಹಾಕಿಸಿಕೊಂಡರು. ಮುಂದಿನ ವರ್ಷ ಬಂದವರು ಮತ್ತೆ ಅದೇ ಪ್ರಶ್ನೆ ಕೇಳಿದರು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಾತು ಕಡಿಮೆ. ಒಮ್ಮೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಅವರು ಹೇಳಿದ್ದು ಕೇಳಿ ನನ್ನ ಕೈಯಿಂದ ಸೊಪ್ಪು ಕೆಳಗೆ ಬಿದ್ದಿತ್ತು. ಮದುವೆಯಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ ಹೋಟೆಲಿನ ಮೇಲಿದ್ದ ಒಂದೇ ರೂಮಿನಲ್ಲಿ ಇವರ ಸಂಸಾರ. ಒಂದೇ ರೂಮಿನಲ್ಲಿ ಹೊರಗೆ ಎಲ್ಲಿ ಕೂರುವುದು? ತಿಂಗಳಿಗೆ ಮೂರು ದಿನ ಅಕ್ಕ ಬಾಗಿಲಾಚೆ ಮೆಟ್ಟಿಲ ತಿರುವಿನಲ್ಲಿ ಚಾಪೆ, ತಟ್ಟೆ, ಲೋಟ ಇಟ್ಟುಕೊಂಡು ಕೂರುತ್ತಿದ್ದರಂತೆ. ಮೇಲಿನ ಮಹಡಿಯ ಬಿಳಿಯರು ಸಾರಿ ಸಾರಿ ಅನ್ನುತ್ತಾ ಅವರನ್ನು ದಾಟಿ ಹೋಗುತ್ತಿದ್ದರಂತೆ. ಜನವರಿ ಚಳಿಯಲ್ಲೂ! ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಸೊಪ್ಪಿನ ಕಡ್ಡಿ ಮುರಿಯುತ್ತಾ, "ಆಗೆಲ್ಲ ಹಾಂಗೇ ಇತ್ತು ಮಾರಾಯ್ತಿ" ಅಂದರು.

ಇಂಥ ಭಟ್ರಿಗೆ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಬೇಗ ಸಿಕ್ಕಿದೆ, ತೆಗೆದುಬಿಟ್ಟರೆ ಭಯವಿಲ್ಲ ಅಂದರು. ತೆಗೆದೂ ಬಿಟ್ಟರು. ಗಾಯ ಮಾಯುವವರೆಗೆ ಟ್ಯೂಬಿನ ಮೂಲಕವೇ ಮೂತ್ರ ಹೋಗಬೇಕು ಅಂತ ಟ್ಯೂಬು, ಚೀಲದ ಜೊತೆಗೇ ಮನೆಗೆ ಕಳುಹಿಸಿದರು. ಆ ದಿನಗಳಲ್ಲಿ ಅವರ ಮನೆಗೆ ಹೋದರೆ ಇದೇ ವಾಸನೆ. ಅಕ್ಕ ಎಷ್ಟು ಊದುಬತ್ತಿ ಹಚ್ಚಿದರೂ ಅದರ ಅಡಿಯಿಂದ ಇದು ಬರುತ್ತಿತ್ತು.

ಭಟ್ರ ಚಿಂತೆ ಕ್ಯಾನ್ಸರಿನದ್ದಾಗಿರಲೇ ಇಲ್ಲ. ದೇವರದ್ದಾಗಿತ್ತು. ಅವರ ಅಡುಗೆಮನೆಯ ಕಪಾಟಿನಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಅವರ ತಂದೆಯ ಕಾಲದ ಸಾಲಿಗ್ರಾಮ. ಊರಿಂದ ವಿಮಾನದಲ್ಲಿ ಬರುವಾಗ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. ಅದಕ್ಕೆ ಬೆಳಗಿನ ಪೂಜೆ ಒಂದು ದಿನವೂ ತಪ್ಪಿದ್ದಿಲ್ಲ. ಮೈಗೆ ಮೂತ್ರದ ಚೀಲ ಕಟ್ಟಿಕೊಂಡು ದೇವರನ್ನು ಮುಟ್ಟುವುದು ಹೇಗೆ? ಹೆಂಗಸರು ಸಾಲಿಗ್ರಾಮ ಮುಟ್ಟುವ ಹಾಗಿಲ್ಲ ಅನ್ನುವುದು ಅವರದ್ದೇ ಕಟ್ಟಪ್ಪಣೆ. ಮಕ್ಕಳಿಲ್ಲ, ಅಣ್ಣನ ಮಗ ಆಗಿನ್ನೂ ಈ ದೇಶಕ್ಕೆ ಬಂದಿರಲಿಲ್ಲ. ಹಾಗಾಗಿ ಆಪರೇಷನ್ನಿಗೆ ಹೋಗುವ ದಿನ ತಾವೇ ಪೆಟ್ಟಿಗೆ ಮುಚ್ಚಿ, ಅದರ ಮೇಲೆ ರೇಷ್ಮೆ ಶಾಲು ಹೊದಿಸಿ ಹೋಗಿದ್ದರು. ಟ್ಯೂಬ್ ತೆಗೆದ ದಿನವೇ ತಲೆಗೆ ಮಿಂದು, ಜನಿವಾರ ಬದಲಿಸಿ, ಪೆಟ್ಟಿಗೆ ತೆರೆಯುವುದು ಅಂತ ಲೆಕ್ಕ. ಆಸ್ಪತ್ರೆಯವರು ಸೋರುವ ವಿಷಯ ಹೇಳಿದ್ದರು, ಹೇಳದೆ ಇರಲಿಲ್ಲ. ಅದೆಲ್ಲ ಬಿಯರ್ ಕುಡಿಯುವವರಿಗೆ ಅಂತ ಭಟ್ರು ತೀರ್ಮಾನ ಮಾಡಿದ್ದರು.

ಟ್ಯೂಬ್ ತೆಗೆಯುವ ದಿನ ಭಟ್ರನ್ನೂ ಅಕ್ಕನನ್ನೂ ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ. ಅವರು ಬಿಳಿ ಪಂಚೆಯಲ್ಲೇ ಬಂದರು. ಮದುಮಗನ ಕಳೆ. ಒಳಗೆ ಹೋಗಿ ಹತ್ತು ನಿಮಿಷವಾಗಿರಲಿಲ್ಲ, ನಗುತ್ತಾ ಹೊರಗೆ ಬಂದರು.

"ಎಂತ ಮಾರಾಯ್ತಿ, ಇದಕ್ಕಾ ಇವ್ರು ಅಷ್ಟು ಹೆದರಿಸಿದ್ದು? ದೊಡ್ಡ ಉಸಿರು ತಕೊಳ್ಳಿ ಅಂದ್ಲು, ತಕೊಂಡೆ, ಅಷ್ಟೇ. ಹಲ್ಲು ಕೀಳಿಸುದೇ ಇದಕ್ಕಿಂತ ಕಷ್ಟ!"

ನೀರು ಕುಡಿಯುತ್ತಾ ಕೂತಿರಿ, ತಾನಾಗಿ ಮೂತ್ರ ಹೋಗುವುದನ್ನು ನೋಡಿಯೇ ಮನೆಗೆ ಕಳುಹಿಸುತ್ತೇವೆ ಅಂದಳು ಟ್ಯೂಬ್ ತೆಗೆದ ನರ್ಸು. ಪ್ಯಾಡ್ ಕೊಡಲು ಬಂದರೆ ಭಟ್ರು ಬೇಡವೆಂದು ಕೈ ಆಡಿಸಿದರು. ಲೋಟದ ಮೇಲೆ ಲೋಟ ನೀರು ಕುಡಿದರು. ಅಷ್ಟರಲ್ಲಿ ಆಪರೇಷನ್ ಮಾಡಿದ ಸರ್ಜನ್ ಕಾರಿಡಾರಿನಲ್ಲಿ ಹಾದುಹೋದರು. ಭಟ್ರು ಕೈ ಮುಗಿಯಲಿಕ್ಕೆ ಅಂತ ಎದ್ದು ನಿಂತರು.

ನಿಂತರು ಅಷ್ಟೇ... ಮುಗಿದ ಕೈ ಹಾಗೇ ಇತ್ತು. ಬಿಳಿ ಪಂಚೆಯ ಮುಂಭಾಗ ಒದ್ದೆಯಾಯಿತು, ಆಮೇಲೆ ಟ್ರೇನರ್ಸ್ ಒದ್ದೆಯಾಯಿತು, ಆಮೇಲೆ ನೆಲ. ನಲ್ಲಿ ಬಿಟ್ಟ ಹಾಗೆ. ನಿಲ್ಲಿಸಲಿಕ್ಕೇ ಆಗಲಿಲ್ಲ ಅವರಿಗೆ. ಎದುರು ಕೂತಿದ್ದ ಮುದುಕರೊಬ್ಬರು ತಿಳಿದವರ ಹಾಗೆ ಮುಖ ಆ ಕಡೆ ತಿರುಗಿಸಿದರು. ಲಂಡನ್ನಿನ ಅರ್ಧ ಕನ್ನಡಿಗರನ್ನು ಬೈದು ಬೆದರಿಸಿ ಪೂಜೆಗೆ ಕೂರಿಸಿದ ಮನುಷ್ಯನ ಮುಖದಲ್ಲಿ, ತಾಯಿ ಕೈಬಿಟ್ಟ ಕೂಸಿನ ದಿಗಿಲು. ನರ್ಸ್ ಓಡಿ ಬಂದು, ಇದು ಸಹಜ, ದಿನ ಹೋದ ಹಾಗೆ ಸುಧಾರಿಸುತ್ತದೆ, ವ್ಯಾಯಾಮ ಮಾಡಿ ಅಂತ ಸಮಾಧಾನ ಹೇಳಿದಳು. ಅವರಿಗೆ ಕೇಳಿಸಿತೋ ಇಲ್ಲವೋ. ಅಕ್ಕ ನೆಲಕ್ಕೆ ಟಿಶ್ಯೂ ಹಾಕಿ ಒರೆಸಲು ಬಗ್ಗಿದರೆ, "ಮುಟ್ಬೇಡ" ಅಂದರು. ಅದೊಂದೇ ಮಾತು.

ಆಮೇಲೆ ಎದುರು ಮನೆ ಸ್ತಬ್ಧ. ಮಂತ್ರ ಇಲ್ಲ, ಫೋನಿನಲ್ಲಿ ಯಾರನ್ನೋ ಬೈಯುವ ದನಿ ಇಲ್ಲ. ನಾನು ಬೆಲ್ ಮಾಡಿದಾಗಲೆಲ್ಲ ಅಕ್ಕ ಬಾಗಿಲನ್ನು ಅಂಗೈ ಅಗಲ ತೆರೆದು, "ಮಲಗಿದ್ದಾರೆ" ಅನ್ನುತ್ತಿದ್ದರು. ಒಂದು ವಾರವೇ ಕಳೆಯಿತೇನೋ. ಒಂದು ಶನಿವಾರ ನನಗೆ ತಡೆಯಲಾಗಲಿಲ್ಲ. ತಿಳಿಸಾರಿನ ಪಾತ್ರೆ ಹಿಡಿದುಕೊಂಡು, ಬಿಸಿ ಇದೆ ಬಿಸಿ ಇದೆ ಅನ್ನುತ್ತಾ ಅಕ್ಕನ ಪಕ್ಕದಿಂದ ನುಗ್ಗಿಯೇ ಬಿಟ್ಟೆ.

ನುಗ್ಗಿದವಳು ಹಾಲ್‌ನ ನಡುವೆ ನಿಂತೆ. ರೇಡಿಯೇಟರಿನ ಪಕ್ಕದ ಮೂಲೆಯಲ್ಲಿ ಒಂದು ಚಾಪೆ. ಚಾಪೆಯ ಮೇಲೆ ಭಟ್ರು. ಪಕ್ಕದಲ್ಲಿ ಕವುಚಿಟ್ಟ ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಮಡಚಿಟ್ಟ ಕಂಬಳಿ, ಒಂದು ಪ್ಲಾಸ್ಟಿಕ್ ಬಕೆಟ್ಟು. ಗಡ್ಡ ಬೆಳೆದಿತ್ತು. ಹಣೆಯಲ್ಲಿ ಏನೂ ಇರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಹತ್ತಿರ ಬರ್ಬೇಡಿ," ಅಂದರು. "ನಾನು ಹೊರಗೆ."

ಮೊದಲು ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಆ ಮಾತು ಒಳಗೆ ಇಳಿಯಿತು ನೋಡಿ, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಸೋರುವ ಮೈ ಮೈಲಿಗೆ, ಮೈಲಿಗೆಯವರು ಹೊರಗೆ. ಹೆಂಗಸರಿಗೆ ಹಾಕಿದ ನಿಯಮವನ್ನೇ ತೆಗೆದು ತಮಗೇ ಹಾಕಿಕೊಂಡು, ಆ ಮಹಾಶಯರು ಮೂಲೆಯಲ್ಲಿ ಕೂತಿದ್ದರು! ಅಕ್ಕ ಅಡುಗೆಮನೆಯಿಂದ ಅನ್ನ ತಂದು, ಸೌಟು ತಟ್ಟೆಗೆ ತಾಗದ ಹಾಗೆ ಮೇಲಿನಿಂದಲೇ ಬಡಿಸಿದರು. ಗಂಡ ಒಂದು ಕಾಲದಲ್ಲಿ ಅವರಿಗೆ ಹೇಗೆ ಬಡಿಸುತ್ತಿದ್ದರೋ ಹಾಗೇ. ಮುಖದಲ್ಲಿ ಸಿಟ್ಟಿಲ್ಲ, ಸೇಡಿಲ್ಲ, ಏನೂ ಇಲ್ಲ.

ನಾನು ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಏನಕ್ಕಾ ಇದು ಹುಚ್ಚಾಟ? ನೀವಾದ್ರೂ ಹೇಳಬಾರದಾ?"

"ಅವ್ರೇ ಮಾಡಿದ ಕ್ರಮ. ನಾನೆಂತ ಹೇಳುದು?" ಅಂದರು ಅಕ್ಕ. ನಲ್ಲಿ ತಿರುಗಿಸಿ ಸೌಟು ತೊಳೆದರು. ಆಮೇಲೆ ದನಿ ತಗ್ಗಿಸಿ, "ನಮ್ಗಾದ್ರೆ ನಾಲ್ಕನೇ ದಿನ ತಲೆಗೆ ಮಿಂದು ಒಳಗೆ ಬಪ್ಪುದಿತ್ತು. ಇವ್ರು ಯಾವ ದಿನ ಮೀಯುದು?" ಅಂದರು. ಆಗ ಅವರ ಕಣ್ಣು ತುಂಬಿತು.

ಅಕ್ಕನಿಗೆ ಹೆದರಿಕೆ ಇದ್ದದ್ದು ಚಾಪೆಯದ್ದಲ್ಲ. ನೀರಿನದ್ದು. ಕುಡಿದರೆ ತಾನೇ ಸೋರುವುದು? ಹಾಗಾಗಿ ಕುಡಿಯುವುದನ್ನೇ ನಿಲ್ಲಿಸಿದರೆ ಆಯಿತು ಅಂತ ಭಟ್ರು ಕಂಡುಕೊಂಡಿದ್ದರು. ಬೆಳಿಗ್ಗೆ ಒಂದು ಗುಟುಕು, ಊಟದ ಮೇಲೆ ಒಂದು ಗುಟುಕು. ಸಾರು ಮಜ್ಜಿಗೆ ಯಾವುದೂ ಇಲ್ಲ. ಮೈ ಪೂರ್ತಿ ಒಣಗಿದ ದಿನ ಮಿಂದು ದೇವರ ಪೆಟ್ಟಿಗೆ ತೆರೆಯುವುದು ಅವರ ಹಟ. ತುಟಿ ಬಿರಿದಿತ್ತು, ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. ಬರುವ ಅಷ್ಟಿಷ್ಟು ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣ ಅಂತ ಅಕ್ಕ ಹೇಳಿದರು. ಹಿಂದಿನ ದಿನ ಸಂಜೆ ಚಳಿಚಳಿ ಅಂದಿದ್ದರಂತೆ. ನನಗೆ ಸಿಡಿಲು ಬಡಿದ ಹಾಗಾಯಿತು. ಕ್ಯಾನ್ಸರಿನಿಂದ ಪಾರಾಗಿ ಬಂದ ಮನುಷ್ಯ ಬಾಯಾರಿ ಸಾಯಲು ಹೊರಟಿದ್ದಾನಲ್ಲ, ಅದೂ ನಲ್ಲಿ ತಿರುಗಿಸಿದರೆ ನೀರು ಬರುವ ಊರಿನಲ್ಲಿ!

ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದೆ. ಟ್ಯೂಬ್ ತೆಗೆದ ನರ್ಸೇ ಸಿಕ್ಕಳು. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋರುವುದು ಜಾಸ್ತಿಯೇ ಆಗುತ್ತದೆ, ಸೋಂಕು ಏರಿದರೆ ಜೀವಕ್ಕೇ ಅಪಾಯ ಅಂದಳು. ಸಂಜೆಯೊಳಗೆ ಮೂತ್ರದ ಪರೀಕ್ಷೆಗೆ ಕರೆತನ್ನಿ, ಈಗಿಂದೀಗಲೇ ಕುಡಿಸಲು ಶುರುಮಾಡಿ, ನಡುಕ ಬಂದರೆ ಕಾಯಬೇಡಿ, ಆಂಬ್ಯುಲೆನ್ಸ್ ಕರೆಯಿರಿ ಅಂದಳು. ನಾನು ಅದನ್ನೆಲ್ಲ ಕನ್ನಡದಲ್ಲಿ ಜೋರಾಗಿ ಭಟ್ರ ಮುಂದೆ ಒದರಿದೆ. ಬೈದೆ. ಕೈ ಮುಗಿದೆ. ಅವರು ಗೋಡೆ ನೋಡುತ್ತಾ ಕೂತರು. ಲೋಟ ಹತ್ತಿರ ತಂದರೆ ಹಲ್ಲು ಕಚ್ಚಿದರು. ಆ ಬಿಗಿ ಹಿಡಿಯುವ ವ್ಯಾಯಾಮ ನಮಗೆ ಹೆರಿಗೆಯಾದ ಮೇಲೆ ಹೇಳಿಕೊಟ್ಟಿದ್ದರು ಭಟ್ರೇ, ನಾನು ಹೇಳಿಕೊಡುತ್ತೇನೆ, ನೀರೊಂದು ಕುಡಿಯಿರಿ ಅಂದರೆ, "ಬಾಣಂತಿ ವ್ಯಾಯಾಮವಾ ನನಗೆ?" ಅಂತ ಗೊಣಗಿದರು. ಅಷ್ಟು ಸೊಕ್ಕು ಆ ಒಣಗಿದ ಬಾಯಲ್ಲಿ!

ಈ ಗಲಾಟೆಯ ನಡುವೆ ಅಕ್ಕ ಕಾಣುತ್ತಿಲ್ಲ ಅಂತ ನನಗೆ ತಡವಾಗಿ ಹೊಳೆಯಿತು. ಬಚ್ಚಲಲ್ಲಿ ನೀರಿನ ಸದ್ದು. ಸ್ವಲ್ಪ ಹೊತ್ತಿಗೆ ಅಕ್ಕ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಕಟ್ಟಿಕೊಂಡು, ಮದುವೆಯ ಕಾಲದ ಹಳೇ ರೇಷ್ಮೆ ಸೀರೆ ಉಟ್ಟು ಹೊರಗೆ ಬಂದರು. ನಮ್ಮಿಬ್ಬರ ಕಡೆ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ಕಪಾಟಿನ ಬಾಗಿಲು ತೆರೆದರು. ಭಟ್ರು ಕುತ್ತಿಗೆ ಉದ್ದ ಮಾಡಿದರು. ಮೂಲೆಯಿಂದ ಎಲ್ಲ ಕಾಣುತ್ತಿತ್ತು.

"ಹೋಯ್... ಎಂತ ಮಾಡ್ತೆ? ಹೋಯ್!"

ಅಕ್ಕ ಶಾಲು ತೆಗೆದರು. ಪೆಟ್ಟಿಗೆ ತೆರೆದರು. ಒಳಗಿದ್ದ ಕರೀ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಯಲ್ಲಿಟ್ಟರು. ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಈ ಮಡಿಯನ್ನೆಲ್ಲ ಲೇವಡಿ ಮಾಡುವ ನನಗೇ ಎದೆ ಹೊಡೆದುಕೊಂಡಿತು ಅಂದರೆ ಭಟ್ರ ಗತಿ ಏನಾಗಿರಬೇಕು! ಅಕ್ಕ ನಲ್ಲಿಯಿಂದ ತಂಬಿಗೆ ತುಂಬಿ ಸಾಲಿಗ್ರಾಮದ ಮೇಲೆ ಸುರಿದರು. ಇನ್ನೊಂದು ತಂಬಿಗೆ. ಮತ್ತೊಂದು. ಗಂಡನ ಮಂತ್ರವನ್ನು ಅಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಬಾಯಿಪಾಠವಾಗಿದ್ದದ್ದು, ಸಣ್ಣ ದನಿಯಲ್ಲಿ, ಎಲ್ಲೂ ತಪ್ಪದೆ ಬಂತು. ಅಭಿಷೇಕದ ನೀರನ್ನೆಲ್ಲ ಒಂದು ಪಾತ್ರೆಗೆ ಬಗ್ಗಿಸಿ, ತುಳಸಿ ಹಾಕಿ, ಅದನ್ನು ಎತ್ತಿಕೊಂಡು ಬಂದು ಗಂಡನ ಚಾಪೆಯ ಹತ್ತಿರ ನಿಂತರು.

"ತೀರ್ಥ," ಅಂದರು.

"ಹೊರಗೆ ಕೂತವರಿಗೆ ತೀರ್ಥ ಕೊಡುವ ಕ್ರಮ ಇಲ್ಲೆ," ಅಂದರು ಭಟ್ರು. "ನೀನು ಮುಟ್ಟಿದ್ಯಾ? ದೇವ್ರನ್ನ ಮುಟ್ಟಿದ್ಯಾ?"

"ಮುಟ್ಟಿದೆ. ಎಂತದೂ ಆಯ್ಲಿಲ್ಲೆ."

ಇಷ್ಟು ಹೇಳಿ ಅಕ್ಕ ಪಾತ್ರೆಯನ್ನು ಬಾಗಿಸಿದರು. ಸುಮ್ಮನೆ ಬಾಗಿಸಿಬಿಟ್ಟರು, ಕೆಳಗೆ ಕೈ ಇದೆಯೋ ಇಲ್ಲವೋ ನೋಡದೆ. ತೀರ್ಥ ನೆಲಕ್ಕೆ ಬೀಳಬಾರದು, ಕಾಲಿಗೆ ತಾಗಬಾರದು. ಅದನ್ನು ಊರಿಗೆಲ್ಲ ಹೇಳಿ ಬೈದು ಕಲಿಸಿದವರು ಅವರೇ ತಾನೇ. ಪಾತ್ರೆಯ ಅಂಚಿಗೆ ನೀರು ಬಂದದ್ದು ಕಂಡದ್ದೇ, "ಚೆಲ್ತದೆ, ಚೆಲ್ತದೆ!" ಅಂತ ಭಟ್ರ ಎರಡೂ ಕೈ ಮುಂದೆ ಬಂದವು. ಬೊಗಸೆ ತುಂಬಿತು. ತುಂಬಿದ ಬೊಗಸೆಯನ್ನು ಏನು ಮಾಡುವುದು? ಕುಡಿದರು. ಬಾಯಿ ಒರೆಸುವ ಮೊದಲೇ ಅಕ್ಕ ಮತ್ತೆ ಬಾಗಿಸಿದರು. ಮತ್ತೆ ಕುಡಿದರು. ಮೂರು ಸಲಕ್ಕೆ ನಿಲ್ಲಿಸಬೇಕಾದ ತೀರ್ಥ ನಿಲ್ಲಲೇ ಇಲ್ಲ. ಅವರು ಅಳುತ್ತಾ ಕುಡಿದರು, ಬೈಯುತ್ತಾ ಕುಡಿದರು, ಪಾತ್ರೆ ಬರಿದಾದ ಮೇಲೆ ಅಕ್ಕ ಸೆರಗಿನಿಂದ ಅವರ ಗಲ್ಲ ಒರೆಸಿದರು. ಮುಟ್ಟಬೇಡ ಅಂತ ಅವರು ಹೇಳಲಿಲ್ಲ. ನಾನು ಗೋಡೆಗೆ ಒರಗಿ ನಿಂತು ಗೊಳೋ ಅಂತ ಅತ್ತುಬಿಟ್ಟೆ.

ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೋಂಕು ಆಗಿತ್ತು. ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಅಂತ ಡಾಕ್ಟರು ಮಾತು ಪೂರ್ತಿ ಮಾಡಲಿಲ್ಲ. ಮಾತ್ರೆ ಕೊಟ್ಟರು. ಮರುದಿನ ಬೆಳಿಗ್ಗೆ ಮತ್ತೆ ತಂಬಿಗೆ ತಂಬಿಗೆ ಅಭಿಷೇಕ, ಮಧ್ಯಾಹ್ನ ಇನ್ನೊಮ್ಮೆ, ಸಂಜೆ ಇನ್ನೊಮ್ಮೆ. ಆ ದೇವರಿಗೆ ಊರಲ್ಲೂ ಅಷ್ಟು ಸ್ನಾನ ಆಗಿರಲಿಕ್ಕಿಲ್ಲ. ಚಾಪೆ ಯಾವತ್ತು ಎದ್ದಿತೋ ನನಗೆ ಗೊತ್ತಿಲ್ಲ, ಒಂದು ದಿನ ಹೋದರೆ ಭಟ್ರು ಸೋಫಾದ ಮೇಲಿದ್ದರು. ಬಾಣಂತಿ ವ್ಯಾಯಾಮವನ್ನೂ ಕಲಿತರು. ಒಂದು ಗಾಯತ್ರಿ ಹೇಳಿ ಮುಗಿಯುವಷ್ಟು ಹೊತ್ತು ಬಿಗಿ, ಇನ್ನೊಂದು ಗಾಯತ್ರಿಗೆ ಸಡಿಲ. ಫಿಸಿಯೋಥೆರಪಿಸ್ಟ್ ಹುಡುಗಿಗೆ ಅದನ್ನು ವಿವರಿಸಿ, ಅವಳ ಸ್ಟಾಪ್‌ವಾಚಿಗಿಂತ ಇದು ಸರಿ ಅಂತ ವಾದ ಬೇರೆ ಮಾಡಿದ್ದರು. ಮೊದಲು ದಿನಕ್ಕೆ ಐದಾರು ಪ್ಯಾಡ್, ಆಮೇಲೆ ಎರಡು, ಆಮೇಲೆ ಹೊರಗೆ ಹೋಗುವಾಗ ಧೈರ್ಯಕ್ಕೆ ಒಂದು. ಮತ್ತೆ ಪೂಜೆಯ ಚೀಲ ಹೆಗಲಿಗೇರಿತು. ಬೈಗುಳವೂ ಶುರುವಾಯಿತು. ಬಾಗಿಲಲ್ಲಿ ಕೇಳುತ್ತಿದ್ದ ಆ ಪ್ರಶ್ನೆಯನ್ನು ಮಾತ್ರ ಯಾರ ಮನೆಯಲ್ಲೂ ಕೇಳಿದ್ದನ್ನು ನಾನು ಕಾಣೆ.

ತಮ್ಮ ಮನೆಯ ಪೂಜೆಯನ್ನು ಅವರು ಮತ್ತೆ ಕೈಗೆ ತೆಗೆದುಕೊಳ್ಳಲೇ ಇಲ್ಲ. ಮೈ ಒಣಗಿದ ಮೇಲೂ. ಬೆಳಿಗ್ಗೆ ಮಿಂದು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಕ್ಕ ಪೂಜೆ ಮುಗಿಸಿ ತರುವವರೆಗೆ ಬೊಗಸೆ ಒಡ್ಡಿ ಕಾಯುತ್ತಿದ್ದರು. ನಾನು ಕೆಣಕಿದರೆ, "ಅವಳ ಕೈ ತೀರ್ಥವೇ ರುಚಿ ಮಾರಾಯ್ತಿ, ನೀವೊಮ್ಮೆ ಕುಡೀರಿ ಕಾಂಬ" ಅನ್ನುತ್ತಿದ್ದರು. ವರ್ಷಗಳು ಹಾಗೇ ಹೋದವು...

ಕಳೆದ ಚಳಿಗಾಲದಲ್ಲಿ ಭಟ್ರು ಹೋದರು. ಕ್ಯಾನ್ಸರಲ್ಲ, ಹೃದಯ. ಪೂಜೆಗೆ ಹೊರಟವರು ಬಸ್ ಸ್ಟಾಪಿನಲ್ಲಿ ಕೂತಿದ್ದ ಹಾಗೇ. ನನಗೆ ಈಗಲೂ ಮೆಟ್ಟಿಲ ಲ್ಯಾಂಡಿಂಗಿನಲ್ಲಿ ಟ್ರೇನರ್ಸಿನ ಸದ್ದಾದರೆ ಅವರೇ ಅನ್ನಿಸುತ್ತದೆ.

ಮೊನ್ನೆ ಆ ಪ್ಯಾಕೆಟ್ ಹರಿದ ಮೇಲೆ ನನಗೆ ಕೂರಲಾಗಲಿಲ್ಲ. ಎದ್ದು ಎದುರು ಮನೆಗೆ ಹೋದೆ. ವರ್ಷಾಂತಿಕ ಮುಗಿದು ಎರಡು ವಾರವಾಗಿತ್ತಷ್ಟೇ. ಅಕ್ಕ ಕುಕ್ಕರ್ ತೊಳೆಯುತ್ತಿದ್ದರು. ಕಪಾಟು ತೆರೆದಿತ್ತು. ಪೆಟ್ಟಿಗೆ ಇಲ್ಲ!

"ಅಕ್ಕಾ, ದೇವರೆಲ್ಲಿ?"

"ಹೌನ್ಸ್ಲೋದಿಂದ ಇವ್ರ ಅಣ್ಣನ ಮಗ ಬಂದು ತಕೊಂಡು ಹೋದ."

ನನಗೆ ನೆತ್ತಿಗೇರಿತು. ವಿಧವೆಯ ಮನೆಯಲ್ಲಿ ಸಾಲಿಗ್ರಾಮ ಇರಬಾರದು ಅಂದನಾ ಅವನು? ಅವನಿಗೇನು ಹಕ್ಕು? ಇಷ್ಟು ವರ್ಷ ಪೂಜೆ ಮಾಡಿದವರು ನೀವು, ನೀವ್ಯಾಕೆ ಕೊಟ್ಟಿರಿ, ನನ್ನನ್ನು ಕರೆಯಬಾರದಿತ್ತೇ, ಅವನ ಗ್ರಹಚಾರ ಬಿಡಿಸುತ್ತಿದ್ದೆ... ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಕೈ ಒರೆಸಿಕೊಂಡರು.

"ಅವ ಕೇಳ್ಲಿಲ್ಲ ಮಾರಾಯ್ತಿ. ಬಾ, ತಕೊಂಡು ಹೋಗು ಅಂತ ನಾನೇ ಫೋನ್ ಮಾಡಿದ್ದು."

"ಯಾಕಕ್ಕಾ?" ಅಂದೆ.

"ನಾನೆಂತ ದೇವ್ರಿಗೆ ಅಂತ ಮಾಡ್ತಾ ಇದ್ದೆನಾ? ಇವ್ರು ನೀರು ಕುಡೀಲಿ ಅಂತ ಮಾಡ್ತಾ ಇದ್ದದ್ದು. ಈಗ ಕುಡಿವವರೇ ಇಲ್ಲೆ." ಅಕ್ಕ ಕಪಾಟಿನ ಖಾಲಿ ಜಾಗದಲ್ಲಿ ತೊಳೆದ ಕುಕ್ಕರ್ ಇಟ್ಟು ಬಾಗಿಲು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಹಾಲಿನವಳನ್ನು ಬೆಲೆ ಕೇಳುವಷ್ಟು ಸಹಜವಾಗಿ ಕೇಳಿದರು, "ನಿಮ್ಮವ್ರು ಹೇಗೆ, ನೀರು ಸಮಾ ಕುಡೀತಾರಾ?"